ಕಡವೆಯ ಕಿವಿ ಮತ್ತು ಹತ್ತು ತೊಟ್ಟು ರಕ್ತ

ಹತ್ತು ತೊಟ್ಟು ರಕ್ತ. ಮಕ್ಕಳೇ, ವ್ಯವಹಾರ ಶುರುವಾಗಿದ್ದು ಅಷ್ಟಕ್ಕೇ.

ಬಿದಿರುಕಾಡಿನ ಕೆರೆಯ ಪಕ್ಕ ಒಂದು ಕಡವೆ ಇತ್ತು. ಜೊತೆಗೆ ಹಾಲು ಕುಡಿಯುವ ಮರಿ. ಮೇವು ಹುಡುಕಬೇಕು, ಹಾಲೂಡಬೇಕು, ಹುಲಿ ಬಂತೇ ಎಂದು ಮೂಗೆತ್ತಿ ನಿಲ್ಲಬೇಕು. ನೆಟ್ಟಗೆ ಕಣ್ಣು ಮುಚ್ಚಿ ಹದಿನೈದು ದಿನವಾಗಿತ್ತು. ಒಂದು ಬೆಳಿಗ್ಗೆ ಹುಲ್ಲಿನ ತುದಿಯಿಂದ ಎಳ್ಳುಕಾಳಿನಷ್ಟು ದೊಡ್ಡ ಉಣುಗೊಂದು ಅದರ ಕಿವಿ ಹತ್ತಿತು.

"ಅಕ್ಕಾ, ಹತ್ತೇ ತೊಟ್ಟು ಕುಡಿದು ಇಳಿದುಬಿಡ್ತೀನಿ. ನನ್ನ ಎಂಜಲು ತಾಗಿದ ಜಾಗ ಮರಗಟ್ಟುತ್ತೆ. ಚುಚ್ಚಿದ್ದೂ ಗೊತ್ತಾಗಲ್ಲ."

"ಬೇಡ ಅಂದರೆ ಬಿಡ್ತೀಯಾ?"

"ಇಲ್ಲ."

"ಮತ್ತೆ ಕೇಳೋದ್ಯಾಕೆ? ಬೇಗ ಮುಗಿಸು."

ಉಣುಗು ಐದು ದಿನ ಕುಡಿಯಿತು. ನಿಜಕ್ಕೂ ನೋವಾಗಲಿಲ್ಲ. ಹೊಟ್ಟೆ ತುಂಬಿ ಅದು ಉದುರಿ ಬಿದ್ದ ಮೇಲೆ ಕಿವಿಯಲ್ಲಿ ಸಣ್ಣ ಗಂಟೆದ್ದು ತುರಿಕೆ ಶುರುವಾಯಿತು.

ಕಡವೆಗೆ ರೇಗಿತು. "ನೋಡು ಆಮೆಯಜ್ಜ, ಕುಡಿದವನು ಹೋದ ಮೇಲೆ ನನ್ನ ಚರ್ಮಕ್ಕೆ ಎಚ್ಚರವಾಗಿದೆ!"

ಕೆರೆದಂಡೆಯ ಮುದಿ ಆಮೆ ಕತ್ತು ಹೊರಗೆ ಹಾಕಿತು. "ಬೈಬೇಡ ತಾಯಿ. ಚರ್ಮದೊಳಗೆ ಕಾವಲಿನವರಿದ್ದಾರೆ. ಅವರಿಗೆ ಇವನು ಹೊಸಬ. ಬಿಟ್ಟುಹೋದ ಎಂಜಲಿನಿಂದ ಈಗ ಗುರುತು ಕಲೀತಿದ್ದಾರೆ."

"ಕಲೀಲಿ. ಅಲ್ಲಿಯವರೆಗೆ ತುರಿಸಿಕೊಳ್ಳೋಳು ನಾನು."

ಅತ್ತ ಉಣುಗು ಪೊರೆ ಕಳಚಿ ಎರಡರಷ್ಟು ದೊಡ್ಡದಾಯಿತು. ಆಸೆಯೂ ಬೆಳೆಯಿತು. ತಿಂಗಳು ಕಳೆದ ಮೇಲೆ ಇಪ್ಪತ್ತೊಂಬತ್ತು ನೆಂಟರನ್ನು ಕೂಡಿಸಿತು.

"ಆ ಕಿವಿಗೆ ಹೇಳೋರು ಕೇಳೋರು ಇಲ್ಲ. ತಲೆಗೆ ಇಪ್ಪತ್ತು ತೊಟ್ಟು ಖಂಡಿತ!"

ಮೂವತ್ತು ಬಾಯಿ, ಆರುನೂರು ತೊಟ್ಟು. ಅಷ್ಟು ಹೋದರೆ ಸೊರಗಿದ ತಾಯಿಯ ಹಾಲು ಬತ್ತುತ್ತದೆ, ಮರಿ ಉಳಿಯುವುದಿಲ್ಲ. ಉಣುಗಿಗೆ ಅದರ ಯೋಚನೆ ಯಾಕೆ? ಬೆಳಿಗ್ಗೆಯೇ ಎಲ್ಲವೂ ಕಿವಿಗೆ ಬಾಯಿ ಹಾಕಿದವು.

ಈ ಸಲ ಕಾವಲಿನವರು ಯಾರು, ಏನು ಎಂದು ವಿಚಾರಿಸುತ್ತ ಕೂರಲಿಲ್ಲ. ಎಂಜಲು ತಾಗಿದ್ದೇ ತಡ, ಓಡಿ ಬಂದು ಮುತ್ತಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಕಿವಿ ಕೆಂಪಾಗಿ, ಬಿಸಿಯಾಗಿ, ಊದಿ ಗಟ್ಟಿಯಾಯಿತು. ಹೀರಿದರೆ ಬಾಯಿಗೆ ರಕ್ತವಿಲ್ಲ, ಬರೀ ತಿಳಿನೀರು.

"ಏನಪ್ಪಾ, ಇದೇನಾ ನಿನ್ನ ಇಪ್ಪತ್ತು ತೊಟ್ಟು?" ಎಂದು ನೆಂಟರು ಹರಿಹಾಯ್ದರು.

ಅಷ್ಟರಲ್ಲಿ ತುರಿಕೆ ತಡೆಯಲಾರದೆ ಕಡವೆ ಮತ್ತಿಮರಕ್ಕೆ ಕಿವಿ ತಿಕ್ಕತೊಡಗಿತು. ಉಣುಗುಗಳು ಪಟಪಟ ಉದುರಿದವು. ಕೊನೆಗೆ ಉಳಿದದ್ದು ಹಳೆಯ ಗಿರಾಕಿ.

"ಅಕ್ಕಾ, ಹೋದ ಸಲ ಸುಮ್ಮನಿದ್ದೆಯಲ್ಲ!"

"ಸುಮ್ಮನಿದ್ದವಳು ನಾನು. ನನ್ನ ಚರ್ಮ ಅಲ್ಲ." ಕಡವೆ ಇನ್ನೊಮ್ಮೆ ತಿಕ್ಕಿತು.

ಮೂವತ್ತೂ ಸೇರಿ ಕುಡಿದದ್ದು ಮೂರು ತೊಟ್ಟು. ಕಡವೆಗೂ ಪುಕ್ಕಟೆಯಾಗಲಿಲ್ಲ: ಎರಡೂ ಸಲದ್ದು ಸೇರಿ ಹದಿಮೂರು ತೊಟ್ಟು ರಕ್ತ, ವೀಳ್ಯದೆಲೆಯಷ್ಟಗಲ ಕೂದಲು, ಮತ್ತೆರಡು ದಿನದ ನಿದ್ದೆ ಹೋಯಿತು. ಮರಿಯ ಹಾಲು ಉಳಿಯಿತು.

ನೀತಿ: ಒಮ್ಮೆ ಸುಮ್ಮನಿದ್ದವರನ್ನು ಮತ್ತೆ ದೋಚಲು ಹೋಗಬಾರದು, ಮೊದಲ ಸಲವೇ ಅವರು ನಮ್ಮ ಗುರುತು ಹಿಡಿದಿರುತ್ತಾರೆ.