ಕಡೇ ಜೀಪಿನ ದುಗ್ಗಪ್ಪ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಿದರೆ ನನ್ನ ಹತ್ತಿರ ಇಸವಿ ಇಲ್ಲ. ಜೀಪುಗಳಿಗೆ ಇನ್ನೂ ಬಾಗಿಲು ಇರದ ಕಾಲ ಅಂದುಕೊಳ್ಳಿ. ಮಂಜುಗೋಡು ಅಂತ ಒಂದು ಊರು, ಊರ ಹಿಂದೆ ಗಾಳಿಗುಡ್ಡ, ಗುಡ್ಡಕ್ಕೆ ಕಾಡಿನೊಳಗೆ ಒಂದೇ ದಾರಿ. ದಾರಿ ಅಂದೆನಲ್ಲ, ಅದು ಮರ್ಯಾದೆಗೆ ಹೇಳಿದ ಮಾತು. ಎರಡು ಚಕ್ರದ ಗುರುತು, ನಡುವೆ ಹುಲ್ಲು, ಒಂದು ಪಕ್ಕ ಗುಡ್ಡ ಕಡಿದ ಮಣ್ಣಿನ ದರೆ, ಇನ್ನೊಂದು ಪಕ್ಕ ಕಣಿವೆ. ಆ ಊರಲ್ಲಿ ದುಗ್ಗಪ್ಪ ಅಂತ ಒಬ್ಬ ಇದ್ದನಂತೆ.

ಆ ಊರಿನ ಜೀಪುಗಳು ವರ್ಷವಿಡೀ ದುಡಿಯುತ್ತಿದ್ದವು. ಕಾಫಿ ಮೂಟೆ, ಗೊಬ್ಬರ, ಸೌದೆ, ಮದುವೆ ದಿಬ್ಬಣ, ನೋವು ಬಂದ ಬಸುರಿಯರು, ಎಲ್ಲವನ್ನೂ ಹೊತ್ತವು. ಹಾಗಾಗಿ ವರ್ಷಕ್ಕೊಂದು ದಿನ, ಆಯುಧಪೂಜೆ ಕಳೆದ ಮೇಲಿನ ಭಾನುವಾರ, ಜೀಪುಗಳಿಗೆ ರಜೆ ಅಂತ ಊರೇ ತೀರ್ಮಾನ ಮಾಡಿತ್ತಂತೆ. ರಜೆ ಅಂದರೆ ನಿಲ್ಲಿಸಿಡುವುದಲ್ಲ. ಒಂದು ಮೂಟೆಯನ್ನೂ ಹೊರಿಸದೆ, ಬರೀ ಖುಷಿಗೆ, ಎಲ್ಲವೂ ಸಾಲಾಗಿ ಗಾಳಿಗುಡ್ಡ ಹತ್ತುವುದು, ತುದಿಯಲ್ಲಿ ಕೂತು ಬುತ್ತಿ ಉಣ್ಣುವುದು, ಬಿಸಿಲು ಇಳಿಯುವ ಮುಂಚೆ ಮನೆ ಸೇರುವುದು. ಆ ಸಾಲಿನ ಕೊನೆಗೆ ಯಾವಾಗಲೂ ದುಗ್ಗಪ್ಪ. ಅದಕ್ಕೇ ಅವನು ಕಡೇ ಜೀಪಿನ ದುಗ್ಗಪ್ಪ.

ಮುಂದೆ ಹೋಗಲು ಎಲ್ಲರಿಗೂ ಆಸೆ. ಎಲ್ಲರ ಧೂಳು ಕುಡಿದುಕೊಂಡು ಹಿಂದೆ ಬರಲು ಯಾರಿಗೆ ಬೇಕು? ಅವನಿಗೆ ಬೇಕಿತ್ತು. ಕೆಸರಲ್ಲಿ ಹೂತವರನ್ನು ಎಳೆಯುವುದು, ಕೆಟ್ಟು ನಿಂತ ಗಾಡಿಗೆ ಜೀವ ಕೊಡುವುದು ಅವನ ಪಾಲು. ಮೂರು ತಿರುವಿನ ಆಚೆ ಹೋಗುವ ಜೀಪು ಯಾರದು, ಯಾವ ಗೇರಿನಲ್ಲಿದೆ ಅಂತ ಕೂತಲ್ಲೇ ಹೇಳುತ್ತಿದ್ದನಂತೆ. ಆನೆ ಅಡ್ಡ ನಿಂತಾಗ ಎಂಜಿನ್ ಆರಿಸಿ, ಎಲೆ ಅಡಿಕೆ ಹಾಕಿಕೊಂಡು ಅರ್ಧ ದಿನ ಸುಮ್ಮನೆ ಕೂತನಂತೆ, ಕೊನೆಗೆ ಆನೆಗೇ ಬೇಜಾರಾಗಿ ಹೊರಟುಹೋಯಿತಂತೆ. ಕಣಿವೆಗೆ ಜಾರುತ್ತಿದ್ದ ಜೀಪನ್ನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬನೇ ತಡೆದನಂತೆ. ನಾನು ಚಿಕ್ಕವನಿದ್ದಾಗ ಕೇಳಿದ್ದರಲ್ಲಿ ಹಗ್ಗ ಇತ್ತು. ಈಗಿನವರು ಹಗ್ಗವನ್ನೂ ಬಿಟ್ಟು ಬರಿಗೈ ಅನ್ನುತ್ತಾರೆ. ಹೇಳಿಕೊಳ್ಳಲಿ ಬಿಡಿ, ಅಂಥವನಿಗೆ ಅಷ್ಟಾದರೂ ಸಲ್ಲಬೇಕು.

ಸಾಲಿಗೆ ಅವನೇ ಮಾಡಿದ ಒಂದು ಕಟ್ಟಳೆ ಇತ್ತು. ಪ್ರತಿ ತಿರುವಿನಲ್ಲೂ ನಿಲ್ಲಬೇಕು, ಹಿಂದಿನ ಜೀಪಿನವರ ಮುಖ ಕಾಣುವ ತನಕ ಕಾಯಬೇಕು. ಕಂಡ ಮೇಲೆ ಕೈ ಎತ್ತಿ ಮುಂದಿನವರಿಗೆ ತೋರಿಸಬೇಕು, ಆಮೇಲೆ ಹೊರಡಬೇಕು. ಇದರಿಂದ ಎಷ್ಟೋ ವರ್ಷ ಆ ಕಾಡಿನಲ್ಲಿ ಯಾರೂ ಒಂಟಿಯಾಗಿ ಉಳಿಯಲಿಲ್ಲ. ಆದರೆ ತನಗೆ ಯಾರಾದರೂ ಕಾದರೆ ಅವನಿಗೆ ಸಿಟ್ಟು ಬರುತ್ತಿತ್ತಂತೆ. “ನಂಗೇನ್ ಕಾಯ್ತೀರಾ, ನಡೀರಿ ನೀವು” ಅಂತ ರೇಗುತ್ತಿದ್ದನಂತೆ. ಕೇಳಿ ಕೇಳಿ ಊರಿಗೆ ಅದೇ ರೂಢಿಯಾಯಿತು. ಎಲ್ಲರಿಗೂ ಕಾಯುವವರಿದ್ದರು, ಅವನೊಬ್ಬನಿಗೆ ಇರಲಿಲ್ಲ. ಅದು ತಪ್ಪು ಅಂತ ಯಾರಿಗೂ ಹೊಳೆಯಲಿಲ್ಲ.

ದುಗ್ಗಪ್ಪನಿಗೆ ಒಬ್ಬಳೇ ಮಗಳು, ವನಜ. ತಾಯಿ ಇಲ್ಲದ ಹುಡುಗಿ, ಅಪ್ಪನ ಪಕ್ಕದ ಸೀಟಿನಲ್ಲೇ ಬೆಳೆದು ದೊಡ್ಡವಳಾದಳು. ಒಂದು ವರ್ಷ ಅವಳ ಸೋದರಮಾವನ ಕೈ ಮುರಿದಿತ್ತು, ಅವನ ಜೀಪನ್ನು ಅವಳೇ ಹತ್ತಿಸುವುದು ಅಂತ ಆಯಿತು. ಹೆಣ್ಣುಮಗಳು ಜೀಪು ಹಿಡಿದದ್ದು ಆ ಸಾಲಿನಲ್ಲಿ ಅದೇ ಮೊದಲು. ಗಂಡಸರು ಬಿಡುತ್ತಾರೆಯೇ? ಜಾರುಬಂಡೆ ಬಂದಾಗ ಸ್ಟಿಯರಿಂಗ್ ಯಾರ ಕೈಗೆ ಕೊಡುತ್ತೀಯಮ್ಮ ಅಂತ ಹೋದಲ್ಲಿ ಬಂದಲ್ಲಿ ರೇಗಿಸಿದರು. ಜಾರುಬಂಡೆ ಅಂದರೆ ಕೊನೆಯ ತಿರುವಿನ ಕೆಳಗಿನ ಒರತೆ ನೀರಿನ ಬಂಡೆ. ಒಂದೇ ಉಸಿರಿಗೆ ಹತ್ತಬೇಕು, ನಡುವೆ ನಿಂತರೆ ಗಾಡಿ ಹಿಂದಕ್ಕೆ ಜಾರುತ್ತದೆ. ವಾರವಿಡೀ ಅವಳ ತಲೆಯಲ್ಲಿ ಅದೊಂದೇ. ಆ ಬಂಡೆ ಹತ್ತಬೇಕು, ಅಪ್ಪನ ಮರ್ಯಾದೆ ಉಳಿಸಬೇಕು. ದುಗ್ಗಪ್ಪ ಹೇಳಿದ್ದು ಇಷ್ಟೇ ಅಂತೆ: “ಅರ್ಧದಲ್ಲಿ ಗೇರ್ ಬದಲಾಯಿಸ್ಬೇಡ ಮಗಾ. ಹೆದ್ರಿ ಕಾಲ್ ತೆಗೀಬೇಡ.”

ಒಂಬತ್ತು ಜೀಪು ಹೊರಟವು. ಎಂಟನೆಯದು ವನಜ, ಒಂಬತ್ತನೆಯದು ಅವಳ ಅಪ್ಪ. ಏಳು ಜೀಪು ಬಂಡೆ ಹತ್ತಿ ಮೇಲೆ ನಿಂತವು, ಎಲ್ಲರೂ ತಿರುಗಿ ಇವಳನ್ನೇ ನೋಡುತ್ತಿದ್ದರು. ಅವಳು ಗೇರ್ ಬದಲಾಯಿಸಲಿಲ್ಲ, ಕಾಲು ತೆಗೆಯಲಿಲ್ಲ. ಕಲ್ಲಿನ ಮೇಲೆ ಚಕ್ರ ಎರಡು ಸಲ ಸುಮ್ಮನೆ ತಿರುಗಿತು, ಹೊಗೆ ಎದ್ದಿತು, ಆಮೇಲೆ ಹಿಡಿತ ಸಿಕ್ಕಿ ಗಾಡಿ ಮೇಲೇರಿತು. ಗಂಡಸರು ಶಿಳ್ಳೆ ಹಾಕಿದರು. ಅವಳು ತಿರುವಿನಲ್ಲಿ ನಿಲ್ಲಬೇಕಿತ್ತು, ಹಿಂದೆ ನೋಡಬೇಕಿತ್ತು. ಕೆಳಗೆ ಅಪ್ಪನ ಎಂಜಿನ್ ಸದ್ದು ಕೇಳುತ್ತಲೇ ಇತ್ತು. ಅಪ್ಪನಿಗೆ ಯಾರು ಕಾದಿದ್ದಾರೆ ಅಂದುಕೊಂಡಳು. ಹಿಂದೆ ತಿರುಗದೆಯೇ ಕೈ ಎತ್ತಿದಳು. ಮುಂದಿನವರು ಆ ಕೈ ನೋಡಿ ಹೊರಟರು.

ಎಂಟು ಜೀಪು ತುಳಿದ ದಾರಿಯ ಅಂಚು, ಮಳೆ ಕುಡಿದು ಮೆತ್ತಗಾದ ಮಣ್ಣು. ಒಂಬತ್ತನೆಯ ಜೀಪಿನ ಭಾರಕ್ಕೆ ಬಂಡೆಯ ಬುಡದಲ್ಲೇ ಅದು ಕುಸಿಯಿತು.

ತುದಿಯಲ್ಲಿ ಜಮಖಾನ ಹಾಸುತ್ತಿರುವಾಗ ಕೆಳಗಿನಿಂದ ಹಾರನ್ ಕೇಳಿಸಿತಂತೆ, ಉದ್ದಕ್ಕೆ ಒಂದು. ದುಗ್ಗಪ್ಪ ಮಗಳಿಗೆ ಶಹಭಾಸ್ ಹೇಳುತ್ತಿದ್ದಾನೆ ಅಂತ ಗಂಡಸರು ನಕ್ಕರು. ಎಲ್ಲರೂ ಜೀಪಿನ ಹತ್ತಿರ ಓಡಿ ಎಂಟೂ ಹಾರನ್ ಒಟ್ಟಿಗೆ ಒತ್ತಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ಒತ್ತಿದವಳು ವನಜ. ಕೆಳಗಿನಿಂದ ಇನ್ನೊಮ್ಮೆ ಬಂತು, ಇವರು ಇನ್ನೊಮ್ಮೆ ಉತ್ತರ ಕೊಟ್ಟರು. ಮೂರನೆಯದು ಬರಲಿಲ್ಲ. ಯಾರದೋ ಬಿದ್ದ ಬೋಲ್ಟು ಹುಡುಕುತ್ತಿರಬೇಕು ಅಂದುಕೊಂಡು ಬುತ್ತಿ ಬಿಚ್ಚಿದರು. ವನಜ ಅಪ್ಪನ ಪಾಲಿಗೆ ಎರಡು ಕಡುಬು ತೆಗೆದಿಟ್ಟು ಉಂಡಳು. ಅವತ್ತು ಅವಳು ನಕ್ಕಷ್ಟು ಮತ್ತೆಂದೂ ನಗಲಿಲ್ಲ ಅಂತಾರೆ.

ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅವಳಿಗೇಕೋ ತಡೆಯಲಾಗಲಿಲ್ಲ. ಜೀಪು ಬಿಟ್ಟು ನಡೆದೇ ಇಳಿದಳು, ಆಮೇಲೆ ಓಡಿದಳು. ಅವನು ಕಣಿವೆಯ ಮರಕ್ಕೆ ಸಿಕ್ಕಿಕೊಂಡ ಜೀಪಿನಲ್ಲೇ ಇದ್ದ. ಕೊನೆಯ ಮಾತಿನ ಬಗ್ಗೆ ಜನ ಏನೇನೋ ಹೇಳುತ್ತಾರೆ. ಎಲ್ಲರೂ ಮೇಲೆ ಸೇರಿದರಾ ಅಂತ ಕೇಳಿದನಂತೆ, ಮಗಳ ತಲೆ ಮುಟ್ಟಿದನಂತೆ. ಅದೆಲ್ಲ ಸುಳ್ಳು. ವನಜ ಮುದುಕಿಯಾಗುವ ತನಕ ಹೇಳಿದ್ದು ಒಂದೇ ಮಾತು. ತಾನು ಮುಟ್ಟಿದಾಗ ಅಪ್ಪನ ಕೈ ಇನ್ನೂ ಬೆಚ್ಚಗಿತ್ತು ಅಂದಳು.

ಮಾರನೇ ವರ್ಷ ಸಾಲಿನ ಕೊನೆಯ ಜಾಗವನ್ನು ಅವಳೇ ಕೇಳಿ ತೆಗೆದುಕೊಂಡಳು. ಜಾರುಬಂಡೆ ಹತ್ತಿದಳು, ತಿರುವಿನಲ್ಲಿ ನಿಂತಳು, ಹಿಂದೆ ತಿರುಗಿ ಖಾಲಿ ದಾರಿ ನೋಡುತ್ತ ಕೂತಳು. ಕೈ ಎತ್ತಲಿಲ್ಲ. ಹಿಂದೆ ಯಾವ ಜೀಪೂ ಇರಲಿಲ್ಲ, ಆದರೂ ಅವಳು ಕೈ ಎತ್ತದೆ ಮುಂದಿನವರು ಹೊರಡಲಿಲ್ಲ. ಯಾರೂ ಕರೆಯಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಆ ವರ್ಷ ತುದಿ ಮುಟ್ಟದೆಯೇ ಎಲ್ಲರೂ ವಾಪಸಾದರಂತೆ. ಅವಳು ಕೈ ಎತ್ತಲು ಮೂರು ವರ್ಷ ಬೇಕಾಯಿತು ಅಂತಾರೆ.

ಈಗಲೂ ಆಯುಧಪೂಜೆ ಕಳೆದ ಭಾನುವಾರ ಜೀಪುಗಳು ಗಾಳಿಗುಡ್ಡ ಹತ್ತುತ್ತವೆ. ಈಗಿನವಕ್ಕೆ ಬಾಗಿಲೂ ಇದೆ, ಹಾಡೂ ಇದೆ. ಆದರೆ ಆ ಗುಡ್ಡದ ಮೇಲೆ ಯಾರೂ ಹಾರನ್ ಒತ್ತುವುದಿಲ್ಲ. ಕೊನೆಯ ಜೀಪು ಬಂಡೆ ಹತ್ತಿದ ಮೇಲೆ ಎಲ್ಲರೂ ಎಂಜಿನ್ ಆರಿಸಿ, ಕೆಳಗಿನ ಖಾಲಿ ದಾರಿಯನ್ನು ನೋಡುತ್ತ ಒಂದಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಹೊಸಬರು ಇದ್ದರೆ, ಎಲ್ಲರೂ ಬಂದಾಯಿತಲ್ಲ, ಇನ್ನು ಯಾರಿಗೆ ಕಾಯುತ್ತಿದ್ದೀರಿ ಅಂತ ಕೇಳುತ್ತಾರೆ. ದುಗ್ಗಪ್ಪ ಬರಬೇಕು ಅಂತಾರೆ ಊರವರು.