ಬಿಡದೆ ಅಂಟಿಕೊಂಡ ಬ್ರೇಕ್ ಶೂ

ಹಳೆಯ ಕಾರೊಂದರ ಚಕ್ರದೊಳಗೆ ಒಂದು ಡ್ರಮ್ಮೂ ಒಂದು ಹೊಸ ಬ್ರೇಕ್ ಶೂವೂ ಇದ್ದವು. ಡ್ರಮ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಬೋಗುಣಿ. ಅದರೊಳಗೆ ಸದಾ ಕತ್ತಲು. ಶೂ ಎಂದರೆ ಕಾಲಿನ ಬೂಟಲ್ಲ; ಪೆಡಲ್ ತುಳಿದಾಗ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ತುಂಡು. ಮೇಸ್ತ್ರಿ ಹಾಜಿಸಾಬರು ಶೂವನ್ನು ಡ್ರಮ್ಮಿನತ್ತ ನೂಕುವ ತಿರುಪನ್ನು ಚಕ್ರ ಕಚ್ಚಿಕೊಳ್ಳುವವರೆಗೆ ಬಿಗಿದು, ಆಮೇಲೆ ಅದು ಸಲೀಸಾಗಿ ತಿರುಗುವಷ್ಟು ಸಡಿಲಿಸಿ ಹೋಗಿದ್ದರು.

ಡ್ರಮ್ಮಿಗೂ ತನಗೂ ನಡುವೆ ಹೀಗೆ ಉಳಿದ ಸಂದು ಕಂಡರೆ ಶೂಗೆ ಭಯ. ಬೇಕಾದಾಗ ಡ್ರಮ್ ಸಿಗದೇ ಹೋದರೆ ಕಾರಿನಲ್ಲಿರುವವರ ಗತಿಯೇನು?

“ತಿರುಪಣ್ಣಾ, ನನ್ನನ್ನು ಇನ್ನೊಂಚೂರು ನೂಕು. ಡ್ರಮ್ಮಕ್ಕನನ್ನು ಮುಟ್ಟಿಕೊಂಡೇ ಇರುತ್ತೇನೆ.”

“ಮೇಸ್ತ್ರಿಗಿಂತ ನಿನಗೇ ಜಾಸ್ತಿ ಗೊತ್ತೇನೋ?” ಎಂದು ತಿರುಪು ಗೊಣಗಿತು. ಆದರೂ ಕಾಟ ತಾಳಲಾರದೆ ನೂಕಿತು.

“ದೂರ ಸರಿಯೋ, ಸೆಕೆಯಾಗ್ತಿದೆ,” ಎಂದಳು ಡ್ರಮ್ಮಕ್ಕ.

“ನಿಮ್ಮ ಒಳ್ಳೆಯದಕ್ಕೇ ಅಕ್ಕಾ,” ಎಂದು ಶೂ ಇನ್ನಷ್ಟು ಅಂಟಿಕೊಂಡಿತು.

ಕಾರು ಘಾಟಿ ಇಳಿಯತೊಡಗಿತು. ಕತ್ತಲಲ್ಲಿ ಸುಟ್ಟ ವಾಸನೆ ಹಬ್ಬಿತು. ತಿರುವೊಂದರಲ್ಲಿ ಚಾಲಕ ಪೆಡಲ್ ತುಳಿದ. ಶೂ ತನ್ನಿಂದಾದಷ್ಟೂ ಮೈ ಚಾಚಿತು. ಅಲ್ಲಿ ಏನೂ ಇರಲಿಲ್ಲ.

“ಅಕ್ಕಾ, ಎಲ್ಲಿದ್ದೀರಿ?”

“ಇಲ್ಲೇ, ನಿನ್ನ ಸುತ್ತಲೂ,” ಎಂದಿತು ದೂರದಿಂದ ಒಂದು ದನಿ. “ನೀನು ಬಿಡದೆ ಉಜ್ಜಿದೆ, ನಾನು ಕಾದೆ. ಕಾದ ಕಬ್ಬಿಣ ಹಿಗ್ಗುತ್ತದಪ್ಪಾ. ಇನ್ನು ನಿನಗೆ ಎಟುಕಲಾರೆ.”

ಚಾಲಕ ಮತ್ತೆ ತುಳಿದ, ಮತ್ತೆ ಮತ್ತೆ ತುಳಿದ. ಪ್ರತಿ ಸಲವೂ ಶೂ ಕತ್ತಲೊಳಕ್ಕೆ ಚಾಚಿಕೊಂಡಿತು. ಅದರ ಸುತ್ತ ಡ್ರಮ್ಮಕ್ಕ ಮೊದಲಿಗಿಂತ ಜೋರಾಗಿ, ಸದ್ದೇ ಇಲ್ಲದೆ ತಿರುಗುತ್ತಿದ್ದಳು.