ತಾತನ ಅರಮನೆಯ ತೊಲೆ

ಸರಕು ಅಗ್ಗವಾದಷ್ಟೂ ಅದಕ್ಕೆ ಕಟ್ಟುವ ಕಥೆ ದುಬಾರಿ.

ಅಮಲ್ದಾರರು ಊಟಕ್ಕೆ ಬರುತ್ತಾರೆಂದು ಪಟೇಲ ಕೆಂಚೇಗೌಡರು ಬಡಗಿ ಮೋನಪ್ಪಾಚಾರಿಯನ್ನು ಕರೆಸಿದರು. ಅವನ ಮುಂದೆ ಸಂತೆಯ ಹಣ್ಣಿನ ಮರದ ಪೆಟ್ಟಿಗೆಗಳ ರಾಶಿ ಹಾಕಿಸಿದರು.

"ಇದರಲ್ಲೇ ಒಂದು ಮೇಜು ಮಾಡು. ನೋಡಿದವರು ನಮ್ಮ ತಾತನ ಅರಮನೆಯ ತೇಗದ ತೊಲೆ ಅನ್ನಬೇಕು. ಗುಟ್ಟು ನಿನ್ನ ಬಾಯಿಂದ ಹೊರಬಿತ್ತೋ, ನೀನು ಊರು ಬಿಟ್ಟೆ ಅಂತ ತಿಳಕೋ."

ತಾತ ಬಾಳಿದ್ದು ಹುಲ್ಲಿನ ಗುಡಿಸಲಲ್ಲಿ. ಆಚಾರಿ ಅದನ್ನು ನೆನಪಿಸಲಿಲ್ಲ. ನಾಲ್ಕು ನಾಲ್ಕು ಹಲಗೆ ಕೂಡಿಸಿ, ಒಳಗೆ ಪೊಳ್ಳಿರುವ ದಪ್ಪ ತೊಲೆಗಳನ್ನು ಮಾಡಿ, ಅವನ್ನು ಜೋಡಿಸಿ ಮೇಜು ನಿಲ್ಲಿಸಿದ. ಸರಪಳಿಯಿಂದ ಬಡಿದು ಗಾಯ ಮಾಡಿ, ಎಣ್ಣೆಮಸಿ ತಿಕ್ಕಿದ. ಮೇಜಿಗೆ ನೂರು ವರ್ಷ ವಯಸ್ಸಾಯಿತು.

ತಾತನ ಅರಮನೆಯ ತೊಲೆಯೆಂಬ ಪಟೇಲರ ಕಥೆ ಕೇಳುತ್ತಲೇ ಊಟ ಮುಗಿಸಿ ಅಮಲ್ದಾರರು ಮೇಜು ತಟ್ಟಿದರು. ಡಬ್ ಡಬ್ ಎಂದಿತು. ಉಳಿ-ಸುತ್ತಿಗೆಯ ಚೀಲದೊಡನೆ ಬಾಗಿಲಲ್ಲಿ ನಿಂತಿದ್ದ ಆಚಾರಿಯತ್ತ ಅವರು ತಿರುಗಿದರು.

"ಇದೇನಯ್ಯಾ ಆಚಾರಿ, ಒಳಗೆ ಪೊಳ್ಳು?"

ಪಟೇಲರು ಕಣ್ಣು ಕೆಂಪಗೆ ಮಾಡಿ ಆಚಾರಿಯನ್ನು ನೋಡಿದರು.

"ಅರಮನೆ ತೊಲೆ ಅಲ್ವೇ ಬುದ್ಧಿ? ಹಿಂದಿನೋರು ಚಿನ್ನ ಬಚ್ಚಿಡೋಕೆ ಕೊರೆಸಿರಬೇಕು," ಎಂದ ಆಚಾರಿ.

ಅಮಲ್ದಾರರು ಕನ್ನಡಕ ಹಾಕಿಕೊಂಡರು. "ಹಾಗಾದರೆ ಪಟೇಲರೇ, ಆ ಚಿನ್ನ ಎಲ್ಲಿ? ಸರ್ಕಾರಕ್ಕೆ ತಿಳಿಸಲೇ ಇಲ್ಲವಲ್ಲ!"

"ಅಯ್ಯೋ ಸ್ವಾಮಿ, ಚಿನ್ನವೂ ಇಲ್ಲ, ಅರಮನೆಯೂ ಇಲ್ಲ! ಅದು ಹಣ್ಣಿನ ಪೆಟ್ಟಿಗೆ!"

ಅಮಲ್ದಾರರು ಎಲೆ ಅಡಿಕೆ ಹಾಕಿಕೊಂಡು ಹೊರಟರು. ಪಟೇಲರು ಗುಡುಗಿದರು: "ಊರು ಬಿಡೋ!"

"ಯಾರು ಗೌಡ್ರೇ?" ಎಂದ ಆಚಾರಿ, ಉಳಿ ಒರೆಸುತ್ತಾ. "ಗುಟ್ಟು ಹೊರಬಿದ್ದಿದ್ದು ಯಾರ ಬಾಯಿಂದ?"